ಒಂದು ರೈಫಲ್, ಎರಡು ಕಾಯ್ದೆ: ಸಂಜಯ್ ದತ್ ಜಾಮೀನು ಪ್ರಕರಣದ ಅಧ್ಯಯನ

ಅಕ್ರಮವಾಗಿ ಬಂದೂಕು ಇಟ್ಟುಕೊಂಡ ಆರೋಪ ಹೊತ್ತವರಿಗೆ ಜಾಮೀನು ಕೊಡಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವಾಗ ನ್ಯಾಯಾಲಯದ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಈ ವ್ಯಕ್ತಿ ಹೊರಗಿದ್ದರೆ ಅಪಾಯವೇ ಎಂಬುದು ಒಂದು. ತನಿಖಾಧಿಕಾರಿ ಆ ಬಂದೂಕನ್ನು ಯಾವ ಕಾಯ್ದೆಯ ಯಾವ ಕಲಮಿನ ಕೆಳಗೆ ತಂದು ನಿಲ್ಲಿಸಿದ್ದಾರೆ ಎಂಬುದು ಇನ್ನೊಂದು. ಕಾನೂನು ಪಠ್ಯಗಳು ಮೊದಲನೆಯದಕ್ಕೇ ಹೆಚ್ಚು ಜಾಗ ಕೊಡುತ್ತವೆ. ಆದರೆ ವಿಶೇಷ ಕಾಯ್ದೆಗಳ ಅಡಿಯ ಪ್ರಕರಣಗಳಲ್ಲಿ ಎರಡನೆಯದು ಮೊದಲನೆಯದನ್ನು ಪೂರ್ತಿಯಾಗಿ ನುಂಗಿಬಿಡುತ್ತದೆ. ಇದು ಹೇಗೆ ನಡೆಯುತ್ತದೆ ಎಂಬುದನ್ನು ನೋಡಲು ಸಂಜಯ್ ದತ್ ಅವರ ಪ್ರಕರಣದಷ್ಟು ಸ್ಪಷ್ಟವಾದ ಉದಾಹರಣೆ ನಮ್ಮ ನ್ಯಾಯಾಂಗದ ಇತಿಹಾಸದಲ್ಲಿ ಹೆಚ್ಚಿಲ್ಲ. ಆರೋಪಿ ಚಿತ್ರನಟನಾದ್ದರಿಂದ ಈ ಪ್ರಕರಣದ ಬಗ್ಗೆ ಬಂದ ಬರಹಗಳಲ್ಲಿ ಮುಕ್ಕಾಲು ಪಾಲು ಕಾನೂನಿಗೆ ಸಂಬಂಧಿಸಿದವಲ್ಲ. ಇಲ್ಲಿ ಜಾಮೀನಿನ ಎಳೆಯನ್ನು ಮಾತ್ರ ಹಿಡಿದು ನೋಡಲಾಗಿದೆ.

ಪ್ರಕರಣದ ಹಿನ್ನೆಲೆ

1993ರ ಮಾರ್ಚ್ 12ರಂದು ಅಂದಿನ ಬಾಂಬೆಯಲ್ಲಿ ನಡೆದ ಸರಣಿ ಸ್ಫೋಟಗಳಲ್ಲಿ 257 ಮಂದಿ ಸತ್ತರು. ಅದರ ತನಿಖೆಯ ವೇಳೆ, ಸ್ಫೋಟಕ್ಕೆ ಎರಡು ತಿಂಗಳು ಮೊದಲು, ಅಂದರೆ ಜನವರಿ ಮಧ್ಯಭಾಗದಲ್ಲಿ, ಸಂಜಯ್ ದತ್ ಅವರ ಮನೆಗೆ ಮೂರು ಎಕೆ-56 ರೈಫಲ್‌ಗಳು, ಮದ್ದುಗುಂಡುಗಳು ಮತ್ತು ಕೈಬಾಂಬುಗಳು ತಲುಪಿದ್ದವು ಎಂಬ ಸಂಗತಿ ಹೊರಬಂತು. ಅವುಗಳಲ್ಲಿ ಎರಡು ರೈಫಲ್‌ಗಳನ್ನು ಕೆಲವೇ ದಿನಗಳಲ್ಲಿ ಹಿಂದಿರುಗಿಸಿ, ಒಂದನ್ನು ಮದ್ದುಗುಂಡುಗಳ ಸಮೇತ ಉಳಿಸಿಕೊಂಡರು. ಅದಲ್ಲದೆ ಪರವಾನಗಿ ಇಲ್ಲದ ಒಂದು 9 ಎಂ.ಎಂ. ಪಿಸ್ತೂಲೂ ಅವರ ಬಳಿ ಇತ್ತು ಎಂಬುದು ಪ್ರಾಸಿಕ್ಯೂಷನ್ ವಾದವಾಗಿತ್ತು. ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಅವರು ಚಿತ್ರೀಕರಣಕ್ಕಾಗಿ ಮಾರಿಷಸ್‌ನಲ್ಲಿದ್ದರು. ಅಲ್ಲಿಂದಲೇ ದೂರವಾಣಿ ಮೂಲಕ ಗೆಳೆಯರೊಬ್ಬರಿಗೆ ಹೇಳಿ ರೈಫಲ್ಲನ್ನು ನಾಶಮಾಡಿಸಿದರು ಎಂಬುದು ಅವರ ಮೇಲಿನ ಆರೋಪದ ಮುಖ್ಯ ಭಾಗ. ಏಪ್ರಿಲ್ 19ರಂದು ಭಾರತಕ್ಕೆ ಹಿಂದಿರುಗಿದ ಅವರನ್ನು ವಿಮಾನ ನಿಲ್ದಾಣದಲ್ಲೇ ಬಂಧಿಸಲಾಯಿತು.

ಬಂಧನದ ಒಂದು ವಾರದ ನಂತರ, ಟಾಡಾ (ಭಯೋತ್ಪಾದಕ ಮತ್ತು ವಿಚ್ಛಿದ್ರಕಾರಿ ಚಟುವಟಿಕೆಗಳ ತಡೆ) ಕಾಯ್ದೆಯ 15ನೇ ಕಲಮಿನ ಪ್ರಕಾರ ಹಿರಿಯ ಪೊಲೀಸ್ ಅಧಿಕಾರಿಯ ಮುಂದೆ ಅವರ ತಪ್ಪೊಪ್ಪಿಗೆ ಹೇಳಿಕೆ ದಾಖಲಾಯಿತು. ಡಿಸೆಂಬರ್ ಮತ್ತು ಜನವರಿಯ ಗಲಭೆಗಳ ಕಾಲದಲ್ಲಿ ಕುಟುಂಬಕ್ಕೆ ಬೆದರಿಕೆಗಳಿದ್ದವು, ರಕ್ಷಣೆಗಾಗಿ ಆಯುಧ ಇಟ್ಟುಕೊಂಡೆ ಎಂಬುದು ಅದರ ಸಾರ. ತಮ್ಮ ಬಳಿ ಪರವಾನಗಿ ಇದ್ದ ಮೂರು ಬಂದೂಕುಗಳು ಆಗಲೇ ಇದ್ದವು ಎಂಬ ಮಾತೂ ಅದೇ ಹೇಳಿಕೆಯಲ್ಲಿದೆ. ಮುಂದೆ ಅವರು ಈ ಹೇಳಿಕೆಯನ್ನು ಹಿಂತೆಗೆದುಕೊಂಡರು. ಸಾಮಾನ್ಯ ಪ್ರಕರಣದಲ್ಲಾಗಿದ್ದರೆ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಲು ಬರುತ್ತಿರಲಿಲ್ಲ. ಟಾಡಾದಲ್ಲಿ ಬರುತ್ತಿತ್ತು, ಮತ್ತು ಜಾಮೀನಿನ ಹಂತದಲ್ಲಿ ಈ ಒಂದು ವ್ಯತ್ಯಾಸವೇ ತಕ್ಕಡಿಯ ಒಂದು ತಟ್ಟೆಯನ್ನು ನೆಲಕ್ಕೆ ಮುಟ್ಟಿಸುವಷ್ಟು ಭಾರವಾದದ್ದು.

ಮೊದಲ ಜಾಮೀನು ಮತ್ತು ಅದರ ರದ್ದು

1993ರ ಮೇ 5ರಂದು ಬಾಂಬೆ ಹೈಕೋರ್ಟ್ ಅವರಿಗೆ ಮಧ್ಯಂತರ ಜಾಮೀನು ನೀಡಿತು. ಆ ವರ್ಷ ನವೆಂಬರ್ 4ರಂದು ತನಿಖಾ ಸಂಸ್ಥೆ 189 ಮಂದಿಯ ವಿರುದ್ಧ ಒಂದೇ ಆರೋಪಪಟ್ಟಿ ಸಲ್ಲಿಸಿತು; ಅವರಲ್ಲಿ ಸಂಜಯ್ ದತ್ ಒಬ್ಬರು. ನಂತರ ಪ್ರಕರಣ ಸಿಬಿಐಗೆ ಹೋಯಿತು. 1994ರ ಜುಲೈ 4ರಂದು ಜಾಮೀನು ರದ್ದಾಗಿ ಅವರು ಮತ್ತೆ ಜೈಲು ಸೇರಿದರು.

ಈ ಹದಿನಾಲ್ಕು ತಿಂಗಳ ಅವಧಿಯಲ್ಲಿ ಆರೋಪಿಯ ನಡತೆಯನ್ನು ಮಾತ್ರ ಅಳತೆಗೋಲಾಗಿ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಈ ಪ್ರಕರಣದಲ್ಲಿ ಸತ್ಯಾಂಶಗಳು ಎರಡು ದಿಕ್ಕಿಗೂ ಎಳೆಯುತ್ತವೆ. ಜಾಮೀನು ತೀರ್ಮಾನದಲ್ಲಿ ರೂಢಿಯಾಗಿ ಕೇಳುವ ಪ್ರಶ್ನೆಗಳು ಪರಿಚಿತವೇ: ಆರೋಪಿ ಓಡಿಹೋಗಬಹುದೇ, ಸಾಕ್ಷ್ಯ ಕೆಡಿಸಬಹುದೇ, ಸಾಕ್ಷಿಗಳನ್ನು ಹೆದರಿಸಬಹುದೇ, ಮತ್ತೆ ಅಪರಾಧ ಎಸಗಬಹುದೇ, ಮೇಲುನೋಟಕ್ಕೆ ಆರೋಪ ಎಷ್ಟು ಗಟ್ಟಿ, ಶಿಕ್ಷೆ ಎಷ್ಟು ಕಠಿಣ. ಓಡಿಹೋಗುವ ಪ್ರಶ್ನೆಯಲ್ಲಿ ಸಂಜಯ್ ದತ್ ಅವರ ಪಕ್ಷ ಬಲವಾಗಿಯೇ ಇತ್ತು. ಸುದ್ದಿ ಹೊರಬಿದ್ದ ಮೇಲೂ, ಬಂಧನ ಖಚಿತ ಎಂದು ಗೊತ್ತಿದ್ದೂ, ಹೊರದೇಶದಿಂದ ತಾವಾಗಿಯೇ ಹಿಂದಿರುಗಿದ್ದರು. ತಂದೆ ಸುನಿಲ್ ದತ್ ಅದೇ ನಗರದ ಸಂಸದರು. ಮನೆ, ವೃತ್ತಿ, ಮುಖಪರಿಚಯ ಎಲ್ಲವೂ ಆರೋಪಿಯನ್ನು ಒಂದೇ ಕಡೆ ಕಟ್ಟಿಹಾಕುವಂಥವು.

ಸಾಕ್ಷ್ಯ ಕೆಡಿಸುವ ಪ್ರಶ್ನೆಯಲ್ಲಿ ಚಿತ್ರ ತಿರುಗುಮುರುಗಾಗುತ್ತದೆ. ಬಂದೂಕಿನ ಪ್ರಕರಣದಲ್ಲಿ ಬಂದೂಕೇ ಮುಖ್ಯ ಸಾಕ್ಷ್ಯ. ಆ ಸಾಕ್ಷ್ಯವನ್ನು ದೂರದಲ್ಲಿ ಕುಳಿತೇ, ಗೆಳೆಯರ ಕೈಯಿಂದ ನಾಶಮಾಡಿಸಿದ ಆರೋಪ ಹೊತ್ತವರು ಹೊರಗಿದ್ದರೆ ಉಳಿದ ಸಾಕ್ಷಿಗಳ ಗತಿಯೇನು ಎಂದು ಅಭಿಯೋಜಕರು ಕೇಳಿದರೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಆ ಗೆಳೆಯರೂ ಇದೇ ಪ್ರಕರಣದಲ್ಲಿ ಆರೋಪಿಗಳಾದರು. ಹಾಗಿದ್ದರೂ ಈ ವಾದಕ್ಕೆ ಒಂದು ಕಾಲಮಿತಿ ಇದೆ. ಸಿಗಬೇಕಾದ ಪಿಸ್ತೂಲು ಸಿಕ್ಕಿ, ನಾಶವಾದ ರೈಫಲಿನ ಉಳಿದ ಬಿಡಿಭಾಗಗಳು ಪಂಚನಾಮೆಯಾಗಿ, ಹೇಳಿಕೆಗಳು ದಾಖಲಾಗಿ, ಆರೋಪಪಟ್ಟಿಯೂ ನ್ಯಾಯಾಲಯಕ್ಕೆ ಬಂದ ಮೇಲೆ ಕೆಡಿಸಲು ಉಳಿದಿರುವುದು ಕಡಿಮೆ. ಹಾಗಾಗಿ ನನ್ನ ಎಣಿಕೆಯಲ್ಲಿ ಸಾಕ್ಷ್ಯನಾಶದ ಆತಂಕ 1993ರ ಏಪ್ರಿಲ್‌ನಲ್ಲಿ ಅತ್ಯಂತ ಬಲವಾಗಿದ್ದು, 1994ರ ಜುಲೈ ಹೊತ್ತಿಗೆ ಬಹಳಷ್ಟು ಕರಗಿತ್ತು. ಆದರೆ ಆದದ್ದು ಇದಕ್ಕೆ ತದ್ವಿರುದ್ಧ: ಆತಂಕ ಬಲವಾಗಿದ್ದ ಹೊತ್ತಿನಲ್ಲಿ ಜಾಮೀನು ಸಿಕ್ಕಿತು, ಅದು ಕರಗಿದ ಹೊತ್ತಿನಲ್ಲಿ ರದ್ದಾಯಿತು. ಆರೋಪಿಯ ನಡತೆಯಿಂದ ಇದನ್ನು ವಿವರಿಸಲಾಗದು. ಕಾಯ್ದೆಯಿಂದ ವಿವರಿಸಬಹುದು.

ಟಾಡಾ ಹಾಕಿದ ಬೀಗ

ಪರವಾನಗಿ ಇಲ್ಲದೆ ನಿಷೇಧಿತ ಆಯುಧ ಹೊಂದುವುದು 1959ರ ಆಯುಧ ಕಾಯ್ದೆಯ ಪ್ರಕಾರವೇ ಗಂಭೀರ ಅಪರಾಧ. ಅಂದು 25(1ಎ) ಕಲಮಿನಲ್ಲಿ ಕನಿಷ್ಠ 5 ವರ್ಷ, ಗರಿಷ್ಠ 10 ವರ್ಷ ಶಿಕ್ಷೆ ಇತ್ತು. ಅದು ಜಾಮೀನುರಹಿತ ಅಪರಾಧವಾದರೂ, ಜಾಮೀನು ಕೊಡುವ ನ್ಯಾಯಾಲಯದ ವಿವೇಚನೆಗೆ ಆ ಕಾಯ್ದೆ ವಿಶೇಷ ಕಡಿವಾಣ ಹಾಕಿಲ್ಲ. ಟಾಡಾದ 5ನೇ ಕಲಂ ಹಾಗಲ್ಲ. ಅಧಿಸೂಚಿತ ಪ್ರದೇಶದಲ್ಲಿ, ಅಂದರೆ ಈ ಕಾಯ್ದೆಗಾಗಿ ಸರ್ಕಾರ ಗುರುತಿಸಿ ಪ್ರಕಟಿಸಿದ ಪ್ರದೇಶದಲ್ಲಿ, ನಿರ್ದಿಷ್ಟ ವರ್ಗದ ಆಯುಧ ಮತ್ತು ಮದ್ದುಗುಂಡುಗಳನ್ನು ಅನಧಿಕೃತವಾಗಿ ಹೊಂದಿರುವುದಕ್ಕೇ ಅದು ಕನಿಷ್ಠ 5 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಹೇಳುತ್ತಿತ್ತು. ಬಾಂಬೆ ಅಧಿಸೂಚಿತ ಪ್ರದೇಶವಾಗಿತ್ತು. ಜಾಮೀನಿಗೆ ಸಂಬಂಧಿಸಿದ 20(8) ಕಲಂ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು: ಸರ್ಕಾರಿ ಅಭಿಯೋಜಕರು ವಿರೋಧಿಸಿದರೆ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಸಮಂಜಸ ಕಾರಣಗಳಿವೆ ಮತ್ತು ಜಾಮೀನಿನ ಮೇಲಿರುವಾಗ ಆತ ಯಾವ ಅಪರಾಧವನ್ನೂ ಎಸಗುವ ಸಂಭವವಿಲ್ಲ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗದೆ ಜಾಮೀನು ಕೊಡುವಂತಿಲ್ಲ.

ಈ ಎರಡೂ ಕಲಮುಗಳನ್ನು ಒಟ್ಟಿಗೆ ಇಟ್ಟರೆ ಬೀಗದ ರಚನೆ ಕಾಣುತ್ತದೆ. ಆಯುಧ ಹೊಂದಿದ್ದೇ ಅಪರಾಧ. ಹೊಂದಿದ್ದನ್ನು ಆರೋಪಿಯೇ ತಪ್ಪೊಪ್ಪಿಗೆಯಲ್ಲಿ ಹೇಳಿದ್ದಾರೆ. ಆ ತಪ್ಪೊಪ್ಪಿಗೆ ಸಾಕ್ಷ್ಯವಾಗಿ ಸಲ್ಲುತ್ತದೆ. ಇಷ್ಟಾದ ಮೇಲೆ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣ ಎಲ್ಲಿಂದ ಬರಬೇಕು? ಆತ ಓಡಿಹೋಗುವವನಲ್ಲ, ಆತನ ಹಿಂದೆ ಕುಟುಂಬವಿದೆ ಎಂಬ ಮಾತುಗಳಿಗೆ ಇಲ್ಲಿ ಕುಳಿತುಕೊಳ್ಳಲು ಜಾಗವೇ ಇಲ್ಲ.

ಸಂವಿಧಾನ ಪೀಠದ ತೀರ್ಪು

1994ರ ಸೆಪ್ಟೆಂಬರ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪು ಈ ಬೀಗದ ಒಳಗನ್ನು ಬಿಚ್ಚಿ ನೋಡಿದ್ದಕ್ಕಾಗಿ ಇಂದಿಗೂ ಉಲ್ಲೇಖವಾಗುತ್ತದೆ. ಅದೇ ವರ್ಷದ ಮಾರ್ಚ್‌ನಲ್ಲಿ ಕರ್ತಾರ್ ಸಿಂಗ್ ಪ್ರಕರಣದಲ್ಲಿ ಇನ್ನೊಂದು ಸಂವಿಧಾನ ಪೀಠ ಟಾಡಾದ ಸಿಂಧುತ್ವವನ್ನು ಎತ್ತಿಹಿಡಿದಿದ್ದರಿಂದ ಕಾಯ್ದೆಯನ್ನೇ ಪ್ರಶ್ನಿಸುವ ದಾರಿ ಮುಚ್ಚಿತ್ತು. ಉಳಿದದ್ದು ಅದನ್ನು ಹೇಗೆ ಓದಬೇಕು ಎಂಬುದು ಮಾತ್ರ.

ಪೀಠ ಮೊದಲು 5ನೇ ಕಲಮಿನ ಅಂಶಗಳನ್ನು ಬಿಗಿಗೊಳಿಸಿತು. ಹೊಂದಿರುವುದು ಎಂದರೆ ತಿಳಿದು ಹೊಂದಿರುವುದು. ಅರಿವಿಲ್ಲದೆ ಮನೆಯಲ್ಲಿ ಬಿದ್ದಿದ್ದ ಆಯುಧ ಈ ಕಲಮಿಗೆ ಸಾಲದು. ಬರೀ ಬಂದೂಕು ಇದ್ದರೂ ಸಾಲದು, ಅದಕ್ಕೆ ಹೊಂದುವ ಮದ್ದುಗುಂಡೂ ಜೊತೆಗಿರಬೇಕು. ಅಧಿಸೂಚಿತ ಪ್ರದೇಶದಲ್ಲಿ, ಅನಧಿಕೃತವಾಗಿ ಇವುಗಳನ್ನು ಹೊಂದಿದ್ದು ಸಾಬೀತಾದರೆ, ಅವು ಭಯೋತ್ಪಾದಕ ಅಥವಾ ವಿಚ್ಛಿದ್ರಕಾರಿ ಕೃತ್ಯಕ್ಕೆ ಸಂಬಂಧಿಸಿದವು ಎಂಬ ಊಹೆ ಕಾನೂನಿನಿಂದ ಏಳುತ್ತದೆ. ಪ್ರಾಸಿಕ್ಯೂಷನ್ ಅದನ್ನು ಬೇರೆಯಾಗಿ ಸಾಬೀತುಪಡಿಸಬೇಕಿಲ್ಲ.

ತೀರ್ಪಿನ ಜೀವಾಳ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಆ ಊಹೆ ಖಂಡಿಸಲಾಗದ ಊಹೆಯಲ್ಲ ಎಂದು ಪೀಠ ಹೇಳಿತು. ಆಯುಧವನ್ನು ಅಂಥ ಕೃತ್ಯಕ್ಕೆ ಬಳಸಿಲ್ಲ, ಬಳಕೆಗೆ ಸಿಗುವಂತೆ ಇಟ್ಟುಕೊಂಡದ್ದೂ ಅಲ್ಲ ಎಂದು ತೋರಿಸುವ ಹಕ್ಕು ಆರೋಪಿಗಿದೆ. ಅದನ್ನು ಆತ ತೋರಿಸಿದರೆ ಟಾಡಾದ 5ನೇ ಕಲಂ ಕಳಚಿ, ಉಳಿದದ್ದಕ್ಕೆ ಆಯುಧ ಕಾಯ್ದೆಯಡಿ ಮಾತ್ರ ಶಿಕ್ಷೆಯಾಗಬಹುದು. ಅಂದರೆ ಒಂದೇ ರೈಫಲ್ ಎರಡು ಕಾಯ್ದೆಗಳ ನಡುವೆ ನಿಂತಿದೆ, ಅದು ಯಾವ ಕಡೆಗೆ ಸೇರಬೇಕು ಎಂಬುದು ಅದನ್ನು ಇಟ್ಟುಕೊಂಡ ಉದ್ದೇಶದ ಮೇಲೆ ನಿಂತಿದೆ.

ಇದು ಸಂಜಯ್ ದತ್ ಅವರ ಪಾಲಿಗೆ ಗೆಲುವಿನಂತೆ ಕಂಡರೂ, ಜಾಮೀನಿನ ದೃಷ್ಟಿಯಿಂದ ಅರ್ಧ ಗೆಲುವೇ ಸರಿ. ಊಹೆಯನ್ನು ಖಂಡಿಸುವುದು ಸಾಕ್ಷ್ಯದ ಕೆಲಸ. ಸಾಕ್ಷ್ಯ ನಡೆಯುವುದು ವಿಚಾರಣೆಯಲ್ಲಿ. ಜಾಮೀನು ಬೇಕಿರುವುದು ವಿಚಾರಣೆಗೆ ಮೊದಲು. ಉದ್ದೇಶವನ್ನು ಸಾಬೀತುಪಡಿಸುವ ಹೊರೆ ಹೊತ್ತವರು ಅದನ್ನು ಇಳಿಸಲು ಅವಕಾಶ ಬರುವವರೆಗೆ ಒಳಗೇ ಇರಬೇಕಾಗುತ್ತದೆ. ಜಾಮೀನಿನ ಹಂತದಲ್ಲಿ ಈ ಖಂಡನೆಗೆ ಎಷ್ಟು ತೂಕ ಕೊಡಬೇಕು, ಮೇಲುನೋಟದ ವಿವರಣೆ ಸಾಕೇ ಎಂಬುದನ್ನು ಇನ್ನಷ್ಟು ಬಿಡಿಸಿ ಹೇಳಿದ್ದರೆ ಆ ನಂತರದ ಎಷ್ಟೋ ಟಾಡಾ ಕೈದಿಗಳಿಗೆ ಅದು ಉಪಯೋಗವಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಪೀಠ ಕಾನೂನಿನ ಪ್ರಶ್ನೆಗಳಿಗೆ ಉತ್ತರಿಸಿತು. ಸಂಜಯ್ ದತ್ ಅವರು ಜೈಲಿನಲ್ಲೇ ಉಳಿದರು.

ತೀರ್ಪಿನ ಎರಡನೆಯ ಭಾಗ ತನಿಖೆಯ ಅವಧಿ ಮುಗಿದರೆ ದೊರೆಯುವ ಡೀಫಾಲ್ಟ್ ಜಾಮೀನಿಗೆ ಸಂಬಂಧಿಸಿದ್ದು. ಟಾಡಾದಲ್ಲಿ ಆರೋಪಪಟ್ಟಿಗೆ 180 ದಿನಗಳ ಗಡುವಿದ್ದು, ಅಭಿಯೋಜಕರ ವರದಿಯ ಮೇಲೆ ಅದನ್ನು ಒಂದು ವರ್ಷದವರೆಗೆ ವಿಸ್ತರಿಸಲು ಅವಕಾಶವಿತ್ತು. ಹಿತೇಂದ್ರ ವಿಷ್ಣು ಠಾಕೂರ್ ಪ್ರಕರಣದಲ್ಲಿ ಅದೇ ವರ್ಷ ಸುಪ್ರೀಂ ಕೋರ್ಟ್ ವಿಸ್ತರಣೆಗೆ ಮುನ್ನ ಆರೋಪಿಗೆ ನೋಟಿಸ್ ಕೊಡಬೇಕು ಎಂದಿತ್ತು. ಸಂವಿಧಾನ ಪೀಠ ಅದನ್ನು ಸ್ಪಷ್ಟಪಡಿಸುತ್ತ, ಲಿಖಿತ ನೋಟಿಸ್ ಬೇಕಿಲ್ಲ, ಆರೋಪಿಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಿ ವಿಸ್ತರಣೆಯ ವಿಷಯ ತಿಳಿಸಿದರೆ ಸಾಕು ಎಂದಿತು. ಜೊತೆಗೆ, ಗಡುವು ಮೀರಿದಾಗ ಹುಟ್ಟುವ ಹಕ್ಕನ್ನು ಆರೋಪಪಟ್ಟಿ ಸಲ್ಲಿಕೆಯಾಗುವ ಮೊದಲೇ ಬಳಸಿಕೊಳ್ಳಬೇಕು, ಸಲ್ಲಿಕೆಯಾದ ಮೇಲೆ ಅದು ಉಳಿಯದು ಎಂದೂ ಹೇಳಿತು. ಸಂಜಯ್ ದತ್ ಅವರು ಮೊದಲ ಸಲ ಬಂಧನದಲ್ಲಿದ್ದದ್ದೇ ಎರಡು ವಾರಕ್ಕಿಂತ ಸ್ವಲ್ಪ ಹೆಚ್ಚು, ಮತ್ತೆ ಒಳಗೆ ಹೋಗುವ ಹೊತ್ತಿಗೆ ಆರೋಪಪಟ್ಟಿ ಬಂದು ಎಂಟು ತಿಂಗಳಾಗಿತ್ತು. ಹಾಗಾಗಿ ಅವರ ಹೆಸರಿನಲ್ಲಿ ರೂಪುಗೊಂಡ ಈ ನಿಯಮ ಅವರಿಗೆ ಹೆಚ್ಚು ಸಂಬಂಧಪಟ್ಟದ್ದಲ್ಲ. ಆದರೆ ವಕೀಲರು ದಿನನಿತ್ಯ ಈ ತೀರ್ಪನ್ನು ಹಿಡಿದು ವಾದಿಸುವುದು ಇದೇ ಭಾಗಕ್ಕಾಗಿ. ಅರ್ಜಿ ಹಾಕಿ ಜಾಮೀನಿನ ಷರತ್ತುಗಳಿಗೆ ಸಿದ್ಧ ಎಂದರೆ ಸಾಕು, ಹಕ್ಕನ್ನು ಬಳಸಿಕೊಂಡಂತೆಯೇ ಎಂದು 2001ರ ಉದಯ್ ಮೋಹನ್‌ಲಾಲ್ ಆಚಾರ್ಯ ತೀರ್ಪು ಮುಂದೆ ಅದರ ಮೊನಚನ್ನು ತಗ್ಗಿಸಿತು.

1995ರ ಬಿಡುಗಡೆ ಮತ್ತು ಆನಂತರ

1995ರ ಏಪ್ರಿಲ್‌ನಲ್ಲಿ ಆರೋಪಗಳು ನಿಗದಿಯಾದವು. ಮೇ 23ರಂದು ಟಾಡಾ ಕಾಯ್ದೆಯ ಅವಧಿ ಮುಗಿಯಿತು. ಆದರೆ ಅದರ ಅಡಿ ಆಗಲೇ ಹೂಡಿದ್ದ ಪ್ರಕರಣಗಳು ಮುಂದುವರಿದವು. ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟ್ ಸಂಜಯ್ ದತ್ ಅವರಿಗೆ ಜಾಮೀನು ನೀಡಿತು. ಎರಡನೆಯ ಸಲ ಅವರು ಒಳಗಿದ್ದದ್ದು ಹದಿನೈದು ತಿಂಗಳಿಗೂ ಹೆಚ್ಚು. ಪ್ರಾಸಿಕ್ಯೂಷನ್ ಪರವಾಗಿ ಆರುನೂರಕ್ಕೂ ಹೆಚ್ಚು ಸಾಕ್ಷಿಗಳ ವಿಚಾರಣೆ ನಡೆದ ಈ ಮೊಕದ್ದಮೆ 2006ರವರೆಗೆ ಎಳೆಯಿತು ಎಂಬುದನ್ನು ನೋಡಿದರೆ, ಜಾಮೀನು ಸಿಗದಿದ್ದಲ್ಲಿ ಅವರು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ವಿಚಾರಣಾಧೀನ ಕೈದಿಯಾಗಿಯೇ ಇರಬೇಕಾಗುತ್ತಿತ್ತು. ಅದು ಕೊನೆಗೆ ಅವರಿಗಾದ ಶಿಕ್ಷೆಯ ಎರಡು ಪಟ್ಟಿಗಿಂತ ಹೆಚ್ಚು. ಹೊರಗಿದ್ದ ಆ ವರ್ಷಗಳಲ್ಲಿ ಅವರು ಓಡಿಹೋಗಲಿಲ್ಲ. ವಿಚಾರಣೆ ಅವರ ಕಾರಣಕ್ಕೆ ನಿಲ್ಲಲಿಲ್ಲ.

2006ರ ನವೆಂಬರ್ 28ರಂದು ವಿಶೇಷ ನ್ಯಾಯಾಲಯ ಅವರನ್ನು ಟಾಡಾ ಆರೋಪಗಳಿಂದ ಬಿಡುಗಡೆ ಮಾಡಿ, ಆಯುಧ ಕಾಯ್ದೆಯಡಿ ಮಾತ್ರ ತಪ್ಪಿತಸ್ಥರೆಂದು ಘೋಷಿಸಿತು. ಸಂವಿಧಾನ ಪೀಠ 1994ರಲ್ಲಿ ತೆರೆದಿಟ್ಟಿದ್ದ ದಾರಿಯಲ್ಲೇ ರೈಫಲ್ ಒಂದು ಕಾಯ್ದೆಯಿಂದ ಇನ್ನೊಂದಕ್ಕೆ ದಾಟಿತು. ಈ ಬಿಡುಗಡೆಯ ವಿರುದ್ಧ ಸಿಬಿಐ ಮೇಲ್ಮನವಿ ಸಲ್ಲಿಸಲಿಲ್ಲ. ಅಂಥದೇ ಆಯುಧಗಳನ್ನು ಇಟ್ಟುಕೊಂಡಿದ್ದ ಇತರರಿಗೆ ಟಾಡಾ ಅಂಟಿಕೊಂಡೇ ಉಳಿದಾಗ, ಹೆಸರಿನ ಬಲ ಕೆಲಸ ಮಾಡಿತೇ ಎಂದು ಜನ ಕೇಳಿದ್ದು ಅಸಹಜವಲ್ಲ. ಟಾಡಾ ಆರೋಪ ಬಿದ್ದುಹೋದರೂ ಟಾಡಾದಡಿ ದಾಖಲಾದ ತಪ್ಪೊಪ್ಪಿಗೆ ಮಾತ್ರ ಬೀಳಲಿಲ್ಲ: ಎರಡೂ ಕಾಯ್ದೆಗಳ ಅಪರಾಧಗಳು ಒಂದೇ ಮೊಕದ್ದಮೆಯಲ್ಲಿ ವಿಚಾರಣೆಯಾದ್ದರಿಂದ ಅದನ್ನು ಆಯುಧ ಕಾಯ್ದೆಯ ಅಪರಾಧಕ್ಕೂ ಆಧಾರವಾಗಿ ಬಳಸಬಹುದು ಎಂಬ ನಿಲುವು ಗಟ್ಟಿಯಾಯಿತು.

2007ರ ಜುಲೈ 31ರಂದು 6 ವರ್ಷಗಳ ಕಠಿಣ ಶಿಕ್ಷೆ ವಿಧಿಸಲಾಯಿತು. ಆಗಸ್ಟ್‌ನಲ್ಲಿ ತೀರ್ಪಿನ ಪ್ರತಿ ಕೈಗೆ ಸಿಗದ ಕಾರಣಕ್ಕೆ ಮಧ್ಯಂತರ ಜಾಮೀನು, ಅಕ್ಟೋಬರ್‌ನಲ್ಲಿ ಮತ್ತೆ ಜೈಲು, ನವೆಂಬರ್ 27ರಂದು ಸುಪ್ರೀಂ ಕೋರ್ಟಿನಿಂದ ಮತ್ತೆ ಜಾಮೀನು. ಇದು ಶಿಕ್ಷೆಯಾದ ನಂತರದ ಜಾಮೀನು. ನಿರಪರಾಧಿ ಎಂಬ ಊಹೆ ಆಗ ಇಲ್ಲದ್ದರಿಂದ ಅಳತೆಗೋಲೂ ಬೇರೆ. 2013ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಕಾನೂನಿನ ಕನಿಷ್ಠವಾದ 5 ವರ್ಷಕ್ಕೆ ಇಳಿಸಿತು. ಅಪರಾಧದ ಸ್ವರೂಪ ಗಂಭೀರವಾದದ್ದು ಎಂದು ಹೇಳಿ ಪ್ರೊಬೇಷನ್ (ಜೈಲಿಗೆ ಕಳುಹಿಸದೆ ಸನ್ನಡತೆಯ ಷರತ್ತಿನ ಮೇಲೆ ಬಿಡುವುದು) ಕೊಡಲು ಒಪ್ಪಲಿಲ್ಲ. ಹಿಂದೆ ಕಳೆದಿದ್ದ ಸುಮಾರು 18 ತಿಂಗಳು ವಜಾ ಆಗಿ, ಉಳಿದ ಅವಧಿಗೆ ಮೇ ತಿಂಗಳಲ್ಲಿ ಶರಣಾದ ಅವರು 2016ರ ಫೆಬ್ರವರಿ 25ರಂದು ಬಿಡುಗಡೆಯಾದರು.

ಇದೇ ಪ್ರಶ್ನೆ ಇಂದು ಬಂದರೆ

ಟಾಡಾ ಇಂದಿಲ್ಲ. ಆಯುಧ ಕಾಯ್ದೆ ಮಾತ್ರ 2019ರ ತಿದ್ದುಪಡಿಯಿಂದ ಇನ್ನಷ್ಟು ಕಠಿಣವಾಗಿದೆ: ನಿಷೇಧಿತ ಆಯುಧ ಹೊಂದಿದ್ದಕ್ಕೆ ಈಗ 7ರಿಂದ 14 ವರ್ಷ. ಆದರೂ ಜಾಮೀನು ನಿರ್ಧಾರ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸಾಮಾನ್ಯ ಕಲಮುಗಳ ಪ್ರಕಾರವೇ ಆಗಬೇಕು. ಅಂಥ ಅರ್ಜಿಯಲ್ಲಿ ವಾದ ನಡೆಯಬೇಕಾದ ಸ್ಥಳಗಳು ಸ್ಪಷ್ಟವಾಗಿವೆ. ಆಯುಧ ಸಿಕ್ಕ ಜಾಗ ಆರೋಪಿಯ ಹಿಡಿತದಲ್ಲಿತ್ತೇ, ಅದು ಅಲ್ಲಿದೆ ಎಂಬ ಅರಿವು ಆತನಿಗಿತ್ತೇ ಎಂಬುದು ಮೊದಲನೆಯದು. 1972ರ ಗುಣವಂತ್‌ಲಾಲ್ ತೀರ್ಪಿನಿಂದ ಈಚೆಗೆ ಇದು ಆಯುಧ ಕಾಯ್ದೆಯಲ್ಲೂ ನೆಲೆಗೊಂಡ ತತ್ವ. ಜಪ್ತಿಯ ಪಂಚನಾಮೆ, ಮೊಹರು, ಆಯುಧ ಗುಂಡು ಹಾರಿಸುವ ಸ್ಥಿತಿಯಲ್ಲಿದೆ ಎಂಬ ತಜ್ಞರ ವರದಿ, 3ನೇ ಕಲಮಿನ ಅಪರಾಧಕ್ಕೆ 39ನೇ ಕಲಮಿನಂತೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ, ಇವುಗಳಲ್ಲಿ ಯಾವುದು ಕುಂಟಿದರೂ ಅರ್ಜಿದಾರರ ಪಕ್ಷ ಗಟ್ಟಿಯಾಗುತ್ತದೆ. ಆಯುಧ ಎಲ್ಲಿಂದ ಬಂತು, ಯಾರಿಗೆ ಹೋಗಲಿತ್ತು ಎಂಬುದು ಇನ್ನೂ ತನಿಖೆಯಲ್ಲಿದ್ದರೆ ಪ್ರಾಸಿಕ್ಯೂಷನ್ ಪಕ್ಷ ಗಟ್ಟಿಯಾಗುತ್ತದೆ. ಬರೀ ವಶದಲ್ಲಿಟ್ಟುಕೊಂಡದ್ದಕ್ಕೂ ಸರಬರಾಜು ಜಾಲದ ಕೊಂಡಿಯಾಗಿದ್ದಕ್ಕೂ ಇರುವ ಅಂತರ ಅಲ್ಲೇ ತೆರೆದುಕೊಳ್ಳುವುದು.

ಅದೇ ಬಂದೂಕಿಗೆ ಯುಎಪಿಎ (ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ) ಸೇರಿಸಿದರೆ ಮಾತ್ರ 1994ರ ಸ್ಥಿತಿ ಬೇರೊಂದು ರೂಪದಲ್ಲಿ ಮರಳುತ್ತದೆ. ಅದರ 43ಡಿ(5) ಕಲಮಿನಂತೆ ಆರೋಪ ಮೇಲುನೋಟಕ್ಕೆ ನಿಜವೆಂದು ನಂಬಲು ಸಮಂಜಸ ಕಾರಣಗಳಿದ್ದರೆ ಜಾಮೀನು ಕೊಡುವಂತಿಲ್ಲ, ಮತ್ತು ಆ ಹಂತದಲ್ಲಿ ಸಾಕ್ಷ್ಯವನ್ನು ಆಳವಾಗಿ ತೂಗುವಂತಿಲ್ಲ ಎಂದು 2019ರ ವಟಾಲಿ ತೀರ್ಪು ಹೇಳಿದೆ. ವಿಚಾರಣೆ ಸಮೀಪದಲ್ಲಿ ಮುಗಿಯುವ ಸಂಭವವಿಲ್ಲದೆ ಆರೋಪಿ ದೀರ್ಘಕಾಲ ಒಳಗಿದ್ದರೆ ಸಂವಿಧಾನಾತ್ಮಕ ನ್ಯಾಯಾಲಯಗಳು ಆ ತಡೆಯನ್ನು ಮೀರಿ ಜಾಮೀನು ಕೊಡಬಹುದು ಎಂದು 2021ರ ನಜೀಬ್ ತೀರ್ಪು ಒಂದು ಕಿಟಕಿ ತೆರೆದಿದೆ. ಆದರೆ ಆ ಕಿಟಕಿ ತೆರೆದುಕೊಳ್ಳುವುದು ವರ್ಷಗಳು ಕಳೆದ ಮೇಲೆ. ಆದ್ದರಿಂದ ಬಂದೂಕಿನ ಪ್ರಕರಣದಲ್ಲಿ ಜಾಮೀನು ಅರ್ಜಿ ಆಲಿಸುವ ನ್ಯಾಯಾಧೀಶರು ವಿಶೇಷ ಕಲಂ ಇದೆ ಎಂಬ ಒಂದೇ ಕಾರಣಕ್ಕೆ ಕಡತ ಮುಚ್ಚದೆ, ಆ ಕಲಮಿಗೆ ಬೇಕಾದ ಉದ್ದೇಶದ ಕುರುಹು ಕಡತದಲ್ಲಿ ಯಾವ ಪುಟದಲ್ಲಿದೆ ಎಂದು ಅಭಿಯೋಜಕರನ್ನು ಕೇಳಬೇಕು. ಬಂದೂಕು ಸಿಕ್ಕ ಪಂಚನಾಮೆಯನ್ನಷ್ಟೇ ಮತ್ತೆ ಮುಂದೆ ಹಿಡಿದರೆ, ಅದು ಆಯುಧ ಕಾಯ್ದೆಯ ಪ್ರಕರಣಕ್ಕೆ ಉತ್ತರವೇ ಹೊರತು ಕೇಳಿದ ಪ್ರಶ್ನೆಗೆ ಅಲ್ಲ ಎಂದು ಆದೇಶದಲ್ಲಿ ದಾಖಲಿಸಲು ಅವರಿಗೆ ಅಡ್ಡಿಯಿಲ್ಲ.